ಅವ್ವನ ಮುಖದ ಹನ್ನೊಂದು ಕಂದು ದಾರ

ಬಸವಕಲ್ಯಾಣ,
೧೨ ಫೆಬ್ರುವರಿ ೨೦೨೫, ಬುಧವಾರ

ಪ್ರೀತಿಯ ಸ್ನೇಹಲ್ ವೈನಿಗೆ,

ನಿಮ್ಮ ನಾದಿನಿ ವಿಜಯಶ್ರೀಯ ನಮಸ್ಕಾರಗಳು. ಮೊಣಕಾಲು ನೋವು ಹೇಗಿದೆ? ತವರಿಗೆ ಹೋದ ಮೇಲೆ ಕೆಲಸವಿಲ್ಲದೆ ಸ್ವಲ್ಪ ಇಳಿದಿರಬೇಕು. ಬಿಪಿ ಗುಳಿಗೆ ತಪ್ಪಿಸಬೇಡಿ, ಅದರಲ್ಲೂ ಈ ಕಾಗದ ಕೈಗೆ ಬಂದ ದಿನ ಮೊದಲು ಗುಳಿಗೆ ನುಂಗಿ ಆಮೇಲೆ ಓದಿ. ನಮ್ಮಲ್ಲಿ ಎಲ್ಲರೂ ಆರಾಮ. ಅಪ್ಪ ಹದಿನೈದು ದಿನದಿಂದ ನನ್ನ ಹತ್ತಿರವೇ ಇದ್ದಾರೆ, ಎರಡು ಹೊತ್ತು ರೊಟ್ಟಿ ಉಣ್ಣುತ್ತಾರೆ. ನನ್ನ ನಂಬರನ್ನು ನೀವು ಬ್ಲಾಕ್ ಮಾಡಿದ್ದೀರಿ ಎಂದು ಬಸವಕಿರಣ ಅಣ್ಣ ಹೇಳಿದ. ಅದಕ್ಕೇ ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದು ಕುಳಿತಿದ್ದೇನೆ. ಇದನ್ನು ನೀವು ಹರಿದು ಹಾಕಬಹುದು. ಆದರೆ ಓದದೆ ಹರಿಯುವವರಲ್ಲ ನೀವು, ಅಷ್ಟು ನಿಮ್ಮನ್ನು ಬಲ್ಲೆ.

ಎಲ್ಲರೂ ಹೇಳುತ್ತಾರೆ, ವಿಜಯಶ್ರೀ ಒಂದು ಚಿತ್ರಕ್ಕಾಗಿ ವೈನಿಯ ಮಾನ ಕಳೆದಳು ಎಂದು. ಹಾಗಾದರೆ ಆ ಚಿತ್ರ ಏನಾಗಿತ್ತು ಎಂದು ಒಂದು ಸಲ ಪೂರ್ತಿ ಹೇಳಿಬಿಡುತ್ತೇನೆ. ಅವ್ವ ತೀರಿದ ವರ್ಷ, ಅವಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಒಂದೇ ಒಂದು ಫೋಟೋ ನನ್ನ ಬಳಿ ಉಳಿದಿತ್ತು. ಅದನ್ನು ಕ್ರಾಸ್ ಸ್ಟಿಚ್ ಕಸೂತಿಯಲ್ಲಿ ತೆಗೆಯಬೇಕೆಂದು ಕುಳಿತೆ. ಅಡ್ಡ ನಾನೂರ ಇಪ್ಪತ್ತು ಟಾಕಿ ಹೊಲಿಗೆ, ಉದ್ದ ಮುನ್ನೂರು, ಅರವತ್ತನಾಲ್ಕು ಬಣ್ಣ. ಇಂಥ ಕೆಲಸ ಕೈಚಳಕದಿಂದ ಆಗುವುದಿಲ್ಲ ವೈನಿ, ಶಿಸ್ತಿನಿಂದ ಆಗುತ್ತದೆ. ಕಣ್ಣುಕಣ್ಣು ನೆಯ್ಗೆಯ ಮ್ಯಾಟಿ ಬಟ್ಟೆಯ ಮೇಲೆ ಹತ್ತು ಹತ್ತು ಕಣ್ಣಿಗೊಂದು ದಾರದ ಗೆರೆ ಎಳೆದು ಚೌಕ ಮಾಡಿದೆ. ನನ್ನ ಗಂಡ, ಝೆರಾಕ್ಸ್ ಅಂಗಡಿಯ ಶರಣಕುಮಾರ, ಫೋಟೋದಿಂದ ಮಾಡಿದ ಚೌಕಚೌಕದ ನಕ್ಷೆಯನ್ನು ಹನ್ನೆರಡು ಹಾಳೆಗೆ ದೊಡ್ಡದು ಮಾಡಿ ಕೊಟ್ಟರು. ಮುಗಿದ ಚೌಕಕ್ಕೆ ಹಳದಿ ಸ್ಕೆಚ್ ಪೆನ್ನು ಹಚ್ಚುತ್ತಿದ್ದೆ. ಹಳೆಯ ಮದುವೆ ಕಾರ್ಡು ಕತ್ತರಿಸಿ, ಒಂದೊಂದು ತುಂಡಿಗೆ ಒಂದೊಂದು ಬಣ್ಣದ ದಾರ ಸುತ್ತಿ, ಮೇಲೆ ನಂಬರಿನ ಚೀಟಿ ಅಂಟಿಸಿ ಮಿಠಾಯಿ ಡಬ್ಬಿಯಲ್ಲಿ ನಿಲ್ಲಿಸಿದೆ. ಯಾವ ದಿನ ಯಾವ ಚೌಕ, ಯಾವ ನಂಬರಿನ ದಾರ, ಎಲ್ಲಿ ತಪ್ಪಿ ಬಿಚ್ಚಿದೆ, ಎಲ್ಲಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅವ್ವನ ಮುಖಕ್ಕೇ ಹನ್ನೊಂದು ಕಂದು ಬಣ್ಣ ಬೇಕಾಗಿದ್ದವು. ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ, ಒಲೆಯ ಬೆಳಕು ಅವಳ ಗಲ್ಲಕ್ಕೆ ಬಿದ್ದಷ್ಟೇ.

ಅಪ್ಪನ ಕಣ್ಣಿನ ಆಪರೇಷನ್ನಿಗೆಂದು ನಾನು ಹುಮನಾಬಾದಿನ ನಿಮ್ಮ ಮನೆಗೆ ಬಂದಾಗ ಆ ಡಬ್ಬಿಯನ್ನೂ ತಂದಿದ್ದೆ. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ತಿರುಗಿ ಬರುವಷ್ಟರಲ್ಲಿ ಅರವತ್ತನಾಲ್ಕು ಬಣ್ಣದ ದಾರವೂ ಕಾರ್ಡಿನಿಂದ ಬಿಚ್ಚಿಕೊಂಡು, ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹೆಣೆದುಕೊಂಡು ಬಿದ್ದಿತ್ತು. "ಮಂದಿ ಬರಾಕತ್ತಿದ್ರು ವಿಜೂ, ಮನಿ ತುಂಬಾ ನಿಂದೇ ಕಸ. ಒಂದ್ಕಡೆ ಮಾಡೇನಿ ನೋಡು" ಎಂದಿರಿ. ನಗುತ್ತಲೇ ಅಂದಿರಿ. ಆ ನಗು ಇವತ್ತಿಗೂ ನನಗೆ ನೆನಪಿದೆ. ಕಿಟಕಿಯ ಬೆಳಕಿಗೆ ಕುಳಿತು ಆ ಗಂಟು ಬಿಡಿಸಿ, ಕಂದಿನಿಂದ ಕಂದನ್ನು ಬೇರೆ ಮಾಡಲು ನನಗೆ ಹತ್ತೊಂಬತ್ತು ದಿನ ಹಿಡಿದವು. ಅಪ್ಪ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಲ್ಲಿಂದಲೇ "ಹೋಗ್ಲಿ ಬಿಡವ್ವಾ" ಎಂದರು. ನಾನು ಬಿಟ್ಟಂತೆ ಮಾಡಿದೆ.

ಎರಡು ವರ್ಷಕ್ಕೆ ಚಿತ್ರ ಮುಗಿಯಿತು. ಕಟ್ಟು ಹಾಕಿಸಿ ನಿಮ್ಮ ಮನೆಯಲ್ಲಿ ಅಪ್ಪನ ಕೋಣೆಯಲ್ಲಿ ತೂಗುಹಾಕಿ ಬಂದೆ, ಅವರು ಮುಂಜಾನೆ ಎದ್ದ ಕೂಡಲೇ ಅವ್ವನನ್ನು ನೋಡಲಿ ಎಂದು. ಮೂರು ತಿಂಗಳಿಗೆ ಅದು ಹುಮನಾಬಾದಿನ ಮಹಿಳಾ ಪ್ರದರ್ಶನದಲ್ಲಿತ್ತು, ಕೆಳಗೆ ನಿಮ್ಮ ಹೆಸರಿತ್ತು. ಮೊದಲ ಬಹುಮಾನ. ಪತ್ರಿಕೆಯಲ್ಲಿ ನಿಮ್ಮ ಫೋಟೋ, "ನಮ್ಮ ಅತ್ತಿ ನೆನಪಿಗಂತ ಎರಡು ವರ್ಷ ಕುಂತು ಹಾಕೇನ್ರಿ" ಎಂಬ ನಿಮ್ಮ ಮಾತು. ಅವ್ವ ಹಾಸಿಗೆ ಹಿಡಿದಾಗ ಎರಡು ದಿನವೂ ಅವಳ ಬಳಿ ಕೂರದವರು ನೀವು. ನಾನು ಫೋನ್ ಮಾಡಿ ಕೇಳಿದಾಗ "ಮನ್ಯಾಗಿನ ಸಾಮಾನು, ಯಾರ ಹೆಸರಿದ್ರ ಏನಾಗ್ತದ?" ಎಂದಿರಿ. ಅವತ್ತು ನಾನು ಫೋನ್ ಕೆಳಗಿಟ್ಟಾಗ ಅಳಲಿಲ್ಲ ವೈನಿ. ನಿಮ್ಮ ಸರದಿ ಬರಲಿ ಎಂದು ಕಾದೆ.

ಬಹಳ ಕಾಯಬೇಕಾಗಲಿಲ್ಲ. ಹೆದ್ದಾರಿಯ ಪಕ್ಕ ಹೊಸ ಖಾನಾವಳಿ ಕಟ್ಟಿಸುತ್ತಿರುವ ಶರಣಪ್ಪನವರು ಪ್ರದರ್ಶನ ನೋಡಿ, ತಮ್ಮ ಊಟದ ಹಾಲಿಗೆ ಅದೇ ಚಿತ್ರ ಗೋಡೆಯಗಲ ಬೇಕೆಂದರು. ನೀವು ಒಪ್ಪಿಕೊಂಡಿರಿ. ಆಮೇಲೆ ನನಗೆ ಫೋನ್ ಬಂತು, ಬೆಲ್ಲ ಸವರಿದ ದನಿಯಲ್ಲಿ. "ವಿಜೂ, ಆ ನಕಾಶಿ ಮತ್ತ ದಾರದ ಡಬ್ಬಿ ಕಳಸವ್ವಾ. ದೊಡ್ಡ ಕಣ್ಣಿನ ಬಟ್ಟಿ ಮ್ಯಾಲೆ ಹಾಕಸ್ತೀನಿ." ಕಳಿಸಿದೆ. ಹನ್ನೆರಡು ಹಾಳೆಯೂ ಹರಿಯದಂತೆ ಸುತ್ತಿ, ಅರವತ್ತನಾಲ್ಕು ಕಾರ್ಡಿಗೂ ದಾರ ತುಂಬಿಸಿ, ಸಾಲಾಗಿ ನಿಲ್ಲಿಸಿ ಕಳಿಸಿದೆ. ಒಂದೇ ಒಂದು ಕೆಲಸ ಮಾಡಿದೆ. ಪ್ರತಿ ಕಾರ್ಡಿನ ನಂಬರ್ ಚೀಟಿಯನ್ನು ಉಗುರಿನಿಂದ ಕಿತ್ತೆ. ನಕ್ಷೆಯ ಯಾವ ಗುರುತಿಗೆ ಯಾವ ಬಣ್ಣ ಎಂದು ತಿಳಿಸುವ ಹಾಳೆಯನ್ನು ನನ್ನಲ್ಲೇ ಇಟ್ಟುಕೊಂಡೆ. ಒಂದೊಂದು ಚೀಟಿ ಕೀಳುವಾಗಲೂ ನಿಮ್ಮ ಆ ನಗು ಕಣ್ಣ ಮುಂದಿತ್ತು. ನೀವು ಒಂದು ಫೋನ್ ಮಾಡಿ "ಇದು ಹ್ಯಾಂಗ ಓದೂದು ವಿಜೂ" ಎಂದು ಕೇಳಿದ್ದರೆ ಸಾಕಿತ್ತು. ಆದರೆ ಕೇಳಿದರೆ ಮೊದಲಿನದನ್ನು ಹಾಕಿದವರು ನೀವಲ್ಲ ಎಂದು ಒಪ್ಪಿದಂತಾಗುತ್ತಿತ್ತು. ನೀವು ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಗೋಡೆಯ ಮೇಲಿನ ಚಿತ್ರ ನೋಡಿ ಅಂದಾಜಿನ ಮೇಲೆ ಬಣ್ಣ ಆರಿಸಿದಿರಿ, ಘಾಟಬೋರಾಳದ ಸಖುಬಾಯಿಯನ್ನು ಕರೆಸಿ ಹೊಲಿಗೆಗೆ ಕೂರಿಸಿದಿರಿ. ಜನವರಿಯಲ್ಲಿ ಶರಣಪ್ಪನವರು ಕೆಲಸ ನೋಡಲು ಬರುವ ದಿನ ತಿಳಿದುಕೊಂಡು ನಾನೂ ನಿಮ್ಮ ಮನೆಗೆ ಬಂದೆ, ಚೀಲದಲ್ಲಿ ನೋಟ್‌ಬುಕ್ ಇತ್ತು. ಬಟ್ಟೆ ಬಿಚ್ಚಿ ಹಾಸಿದಿರಿ. ಅವ್ವನ ಗಲ್ಲ ಪಾಚಿ ಹಿಡಿದ ಹಾಗೆ, ಹಣೆಯ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು. ಶರಣಪ್ಪನವರು ಗೋಡೆ ನೋಡಿದರು, ಬಟ್ಟೆ ನೋಡಿದರು. "ಬಾಯಾರ, ಇದೂ ಅದೂ ಒಂದೇ ಕೈಲಿ ಆಗ್ಯಾವೇನ್ರಿ? ಗ್ವಾಡಿ ಮ್ಯಾಗಿಂದು ಎಷ್ಟು ಎಳಿ ದಾರ?" ಎಂದು ಕೇಳಿದರು. ನೀವು "ನಾಕು" ಎಂದಿರಿ. ಮೂಲೆಯಲ್ಲಿ ನಿಂತಿದ್ದ ಸಖುಬಾಯಿ ಬಾಯಿ ತಪ್ಪಿ "ಎರಡ್ರೀ" ಎಂದಳು.

ಆಗ ನೋಟ್‌ಬುಕ್ ತೆಗೆದು ಅವರ ಕೈಗಿಟ್ಟೆ. "ಯಾವ ಪುಟಾ ಬೇಕಾದ್ರೂ ತೆಗೀರಿ" ಎಂದೆ. ಅವರು ನಡುವೆ ಎಲ್ಲೋ ತೆರೆದು ಗಟ್ಟಿಯಾಗಿ ಓದಿದರು. ಆಗಸ್ಟ್ ಹದಿನಾಲ್ಕು, ಆರುನೂರ ಹನ್ನೆರಡನೆಯ ಚೌಕ, ಬಳೆಯ ಹಸಿರು, ಏಳು ಟಾಕಿ. ಗೋಡೆಯಿಂದ ಚಿತ್ರ ಇಳಿಸಿ ಎಣಿಸಿ ತೋರಿಸಿದೆ, ಏಳೇ ಇದ್ದವು. ಇನ್ನೆರಡು ಪುಟ ತೆಗೆದರು, ಅವೂ ಸರಿ ಬಂದವು. ಅಪ್ಪ ಹತ್ತಿರ ಬಂದು ನನ್ನ ಅಕ್ಷರದ ಮೇಲೆ ಬೆರಳಾಡಿಸಿ, "ನನ್ನ ಮಗಳು ಮಾಡ್ಯಾಳ್ರಿ ಇದು. ನಾ ಬಾಯಿ ಮುಚ್ಚಿಕೊಂಡು ಕುಂತಿದ್ದೆ, ನಂದೇ ತಪ್ಪು" ಎಂದರು. ಅಣ್ಣ ತಲೆ ತಗ್ಗಿಸಿ ನಿಂತ. ನಿಮ್ಮ ಮುಖ ಆಗ ಯಾವ ಬಣ್ಣಕ್ಕೆ ತಿರುಗಿತ್ತೋ, ಅದಕ್ಕೆ ನನ್ನ ಡಬ್ಬಿಯಲ್ಲಿ ದಾರವಿಲ್ಲ. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ. ಅವತ್ತು ಹೊಟ್ಟೆ ತುಂಬ ಉಂಡೆ.

ಅಲ್ಲಿಗೇ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ನಾನು ಹೊರಡುವಾಗ ನೀವು ಶರಣಪ್ಪನವರಿಗೆ ಹೇಳಿದ ಮಾತು ನನ್ನ ಕಿವಿಗೆ ಬಿತ್ತು. "ನಂದೇನೂ ತಪ್ಪಿಲ್ರಿ, ಈ ಸಖುಬಾಯಿಗೆ ಕಣ್ಣ ಕಾಣಂಗಿಲ್ಲ. ಎಲ್ಲಾ ಅಕೀನೇ ಕೆಡಿಸ್ಯಾಳ." ಆ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೋದಳು. ಮರುವಾರ ಘಾಟಬೋರಾಳಕ್ಕೆ ಹೋದೆ. ಅವಳು ಆಡುಗಳಿಗೆ ಮೇವು ಹಾಕುತ್ತಿದ್ದಳು. ಸೂಜಿ ಮುಟ್ಟುವುದನ್ನೇ ಬಿಟ್ಟಿದ್ದಳು. ಮೂರು ತಿಂಗಳು ನೀವು ಕೊಟ್ಟ ದಾರವನ್ನೇ ಹಾಕಿ, ಚಿತ್ರದ ಮುಖ ಕೆಟ್ಟಾಗೆಲ್ಲ ನಿಮ್ಮಿಂದ ಬೈಸಿಕೊಂಡು, ತನ್ನ ಕಣ್ಣು ಹೋದವೆಂದೇ ನಂಬಿದ್ದಳು. ಚೀಟಿ ಕಿತ್ತವಳು ನಾನೇ ಎಂದು ಹೇಳಿದೆ. ಸಖುಬಾಯಿ ಕೈಯಲ್ಲಿದ್ದ ಮೇವು ಕೆಳಗಿಟ್ಟು, "ನಿಮ್ಮಿಬ್ಬರ ಜಗಳದಾಗ ನನ್ನ ಕಣ್ಣು ತೆಗದ್ರಲ್ರೀ ಅಕ್ಕಾರ" ಎಂದಳು. ನಿಮಗೆ ಮಾಡಿದ್ದಕ್ಕೆ ನನಗೆ ಒಂದು ಚೂರೂ ಪಶ್ಚಾತ್ತಾಪವಿಲ್ಲ ವೈನಿ. ಅವಳಿಗೆ ಮಾಡಿದ್ದು ಮಾತ್ರ ಚುಚ್ಚುತ್ತದೆ. ಆ ಪಾಪದಲ್ಲಿ ನಿಮ್ಮದು ದೊಡ್ಡ ಪಾಲು.

ಈಗ ಅವಳು ವಾರಕ್ಕೆ ನಾಲ್ಕು ದಿನ ಬಸ್ಸು ಹಿಡಿದು ಕಲ್ಯಾಣಕ್ಕೆ ಬರುತ್ತಾಳೆ. ಶರಣಪ್ಪನವರ ಕೆಲಸವನ್ನು ನಾವಿಬ್ಬರೂ ನಮ್ಮ ಹೆಸರಿನಲ್ಲಿ ತೆಗೆದುಕೊಂಡಿದ್ದೇವೆ. ದಾರದ ನಂಬರು ಅವಳಿಗೆ ಓದಲು ಬರುವುದಿಲ್ಲ. ಹನ್ನೊಂದು ಕಂದಿಗೂ ಅವಳೇ ಹೆಸರಿಟ್ಟಳು. ಹಸಿ ಶೇಂಗಾ, ಹುರಿದ ಶೇಂಗಾ, ಹುಣಸಿ, ಹಳೇ ಬೆಲ್ಲ, ಕೆಮ್ಮಣ್ಣು, ಹೀಗೆ. ಒಂದು ಸಲ ಕೇಳಿದರೆ ನನಗೂ ಮರೆಯುವುದಿಲ್ಲ. ನಿನ್ನೆ ಅವ್ವನ ಎಡಗಣ್ಣು ಮುಗಿಯಿತು.

ನಿಮ್ಮ ತಾಯಿಗೆ ನನ್ನ ಶರಣು ತಿಳಿಸಿ. ಅಣ್ಣ ತಾನೇ ಅಡಿಗೆ ಮಾಡಿಕೊಳ್ಳುತ್ತಿದ್ದಾನೆ, ಬಡವಾಗಿದ್ದಾನೆ. ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಿ.

ನಿಮ್ಮ ನಾದಿನಿ,
ವಿಜಯಶ್ರೀ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಖಾನಾವಳಿ ಯುಗಾದಿಯ ದಿನ ತೆರೆಯುತ್ತದೆ. ದೊಡ್ಡದು ಮುಗಿಯುವವರೆಗೆ ಮೊದಲಿನ ಚಿತ್ರವೇ ಅಲ್ಲಿರುತ್ತದೆ, ಪತ್ರಿಕೆಯವರೂ ಬರುತ್ತಾರೆ. ಅದನ್ನು ಕೈಯಾರೆ ಹೊಲಿದವರು ಯಾರು ಎಂದು ನಾಲ್ಕು ಜನರ ಮುಂದೆ ಒಬ್ಬರು ಹೇಳಬೇಕಲ್ಲ, ಯಾರು ಹೇಳುತ್ತೀರಿ ಎಂದು ಶರಣಪ್ಪನವರು ಕೇಳಿದರು. ನಮ್ಮ ವೈನಿ ಹೇಳುತ್ತಾರೆ ಎಂದಿದ್ದೇನೆ. ಸಖುಬಾಯಿಯ ಕಣ್ಣು ಚೆನ್ನಾಗಿವೆ ಎಂಬುದನ್ನೂ ಅಲ್ಲೇ, ಅವಳ ಎದುರಿಗೇ ಹೇಳಬೇಕು. ಹನ್ನೊಂದು ಗಂಟೆಗೆ ಬನ್ನಿ. ನೀವು ಬರದಿದ್ದರೆ ಅಪ್ಪ ಹೇಳುತ್ತಾರೆ, ಆಗ ಅವರು ಎಲ್ಲಾ ಹೇಳುತ್ತಾರೆ.