ಎತ್ತದ ಕೈ

ಗೋಕಾಕ
ಆಷಾಢದ ಕೊನೆಯ ಸೋಮವಾರ

ಮಗಳೇ ಅರ್ಚನಾ,

ಬಸವಣ್ಣ ನಿನ್ನನ್ನೂ ನಿನ್ನ ಮನೆಯನ್ನೂ ತಣ್ಣಗೆ ಇಟ್ಟಿರಲಿ. ನಾನೂ ನಿನ್ನಪ್ಪನೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೋಗಿ ಕೈ ತಡೆಯಿತು. ಇದ್ದೇವೆ ಅಂದರೆ ಸಾಕು.

ಫೋನು ಮಾಡಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ಯಾರ ಫೋನು ಬಂದರೂ ನಡುಮನೆಯಲ್ಲಿ ನಾಲ್ಕು ಮಂದಿಯ ಕಿವಿಗೆ ಬೀಳುತ್ತದೆ. ಅದಕ್ಕೇ ಈ ಪತ್ರ. ನಿಮ್ಮ ಮೂಡಲಗಿಯ ಸಾಲಿಗೆ ಪಾಠ ಹೇಳಲು ದಿನಾ ಹೋಗಿ ಬರುವ ನಿನ್ನ ಗೆಳತಿ ಭಾಗ್ಯಾಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಯುಗಾದಿಯ ಮರುದಿನ ನೀನು ಕೇಳಿದ್ದೆ: "ಅವ್ವಾ, ಖರೆ ಹೇಳು, ಎಷ್ಟು ರೊಕ್ಕ ತಗೊಂಡಿ?" ನಾನು ಫೋನು ಇಟ್ಟುಬಿಟ್ಟೆ. ಸಿಟ್ಟು ಬಂದಿರಲಿಲ್ಲ. ಊರೆಲ್ಲ ಕೇಳಿದ ಪ್ರಶ್ನೆ ಅದು, ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ಅದನ್ನೇ ನೀನೂ ಕೇಳಿದೆ. ಇಲ್ಲಿಯ ನಗರಸಭೆಗೆ ಅಧ್ಯಕ್ಷರಾಗಲು ನಮ್ಮ ಪಕ್ಷದಿಂದ ನಿಂತಿದ್ದವರು ನಿನ್ನ ಕಾಕಾಮಾವ, ನಿನ್ನ ಮಾವನ ತಮ್ಮ ಅಣ್ಣಾಸಾಹೇಬರು. ಅವರು ಸೋತ ದಿನದಿಂದ ನಿನಗೆ ಆ ಮನೆಯಲ್ಲಿ ಊಟದ ಜೊತೆ ಏನೇನು ಬಡಿಸುತ್ತಿದ್ದಾರೆ ಎಂಬುದು ನನಗೆ ಗೊತ್ತು.

ನಾನು ರಾಜಕೀಯ ಬಯಸಿ ಬಂದವಳಲ್ಲ. ನಿಲ್ಲಬೇಕಾಗಿದ್ದವನು ನಿನ್ನಪ್ಪ. ವಾರ್ಡು ಮಹಿಳೆಯರಿಗೆ ಮೀಸಲಾಯಿತು, ಹಿಟ್ಟಿನ ಗಿರಣಿಯ ರಾಜಪ್ಪನ ಹೆಂಡತಿ ಎಂದು ನನ್ನ ಹೆಸರು ಬರೆಸಿದರು. ಆಗ ಎದುರಿಗೆ ನಿಂತವಳು ಲಕ್ಕವ್ವ. ಮೊದಲ ಸಲ ನಾನು ಗೆದ್ದೆ, ಎರಡನೇ ಸಲ ಅವಳು ಗೆದ್ದಳು. ಎದುರಾದರೆ ಮುಖ ತಿರುವಿ ನಡೆಯುತ್ತಿದ್ದೆವು. ಅವಳು ನೀರು ಹಿಡಿಯುವ ನಳಕ್ಕೆ ನಮ್ಮ ಮನೆಯವರು ಕೊಡ ಇಡುತ್ತಿರಲಿಲ್ಲ. ನಿನಗೂ ನೆನಪಿರಬೇಕು.

ಮೂರನೇ ಸಲ ಗೆದ್ದವಳು ನಾನೇ. ಆ ಮೇಲೆ ಹೊಳೆ ಬಂತು. ಓಣಿ ಓಣಿ ಮುಳುಗಿ, ಸಾಲಿಯಲ್ಲಿ ಗಂಜಿ ಕೇಂದ್ರ ತೆರೆದಾಗ ಸೌಟು ಹಿಡಿಯಲು ಮಂದಿಯಿಲ್ಲ. ಯಾರೋ ನನ್ನ ಕೈಯಿಂದ ಸೌಟು ಕಸಿದುಕೊಂಡರು. ನೋಡಿದರೆ ಲಕ್ಕವ್ವ. "ಸರೀ ಆ ಕಡೆ. ನಿನಗ ಬರೇ ಸಹಿ ಮಾಡಾಕ ಬರತೈತಿ, ಅನ್ನಾ ಬಸಿಯಾಕ ಬರೂದಿಲ್ಲ" ಅಂದಳು. ಅಷ್ಟು ನೀರಿನ ನಡುವೆ ನನಗೆ ನಗು ಬಂತು. ಹೊಳೆ ಇಳಿಯುವವರೆಗೂ ಒಂದೇ ಚಾಪೆಯಲ್ಲಿ ಮಲಗಿದೆವು. ಆ ಮೇಲೆ ಅವಳು ಚುನಾವಣೆಯ ಮಾತೇ ಬಿಟ್ಟಳು, ಮಗ ಈಶ್ವರನ ಜೊತೆ ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಗೆ ಹೋಗಿ ಇದ್ದಳು. ಈಶ್ವರ ಮಾತ್ರ ವಿರೋಧ ಪಕ್ಷದಲ್ಲೇ ಓಡಾಡುತ್ತಿದ್ದ.

ಅಧ್ಯಕ್ಷರ ಚುನಾವಣೆಗೆ ಮುಂಚೆ ನಮ್ಮನ್ನು ಕೊಲ್ಲಾಪುರದ ಆಚೆ ಒಂದು ರೆಸಾರ್ಟಿನಲ್ಲಿ ಇಟ್ಟಿದ್ದರಲ್ಲ, ಕೈ ಎತ್ತುವ ದಿನದ ಬೆಳಿಗ್ಗೆ ಈಶ್ವರನ ಫೋನು ಬಂತು. "ಕಾಕೂ, ಅವ್ವ ನಿಮ್ಮನ್ನ ಕೇಳಾಕತ್ತಾಳ್ರಿ. ಮತ್ತ ಯಾರನ್ನೂ ಕೇಳವಲ್ಲಳು." ನಾನು ಹೊರಟೆ. ದಾರಿಯಲ್ಲೇ ಇಳಿದು ನೋಡಿ, ಮಧ್ಯಾಹ್ನದ ಸಭೆಗೆ ನಗರಸಭೆ ಸೇರಬಹುದು ಎಂದುಕೊಂಡಿದ್ದೆ.

ಲಕ್ಕವ್ವ ಹಾಸಿಗೆಗೆ ಅಂಟಿಕೊಂಡಿದ್ದಳು. ನನ್ನ ಕೈ ಹಿಡಿದಳು. "ಬಂದ್ಯಾ? ಇವತ್ತ ನಿಂದು ವೋಟ ಐತಲ್ಲ" ಅಂದಳು. ಸಾಯುವವಳಿಗೂ ಅದು ಗೊತ್ತಿತ್ತು ನೋಡು. ಆ ಮೇಲೆ ಮಾತು ನಿಂತಿತು, ಹಿಡಿತ ಸಡಿಲಾಗಲಿಲ್ಲ. ಕೈ ಬಿಡಿಸಿಕೊಂಡು ಏಳಬಹುದಿತ್ತು. ಅವಳ ಬೆರಳಿನಲ್ಲಿ ಅಂಥ ಬಲವೇನೂ ಇರಲಿಲ್ಲ. ನಾನು ಏಳಲಿಲ್ಲ. ಇಳಿಹೊತ್ತಿಗೆ ಉಸಿರು ಹೋಯಿತು.

ಅತ್ತ ಸಭೆಯಲ್ಲಿ ನಮ್ಮದೇ ಪಕ್ಷದ ಸದಸ್ಯ ಲಖನ ಎದುರಿನವರಿಗೆ ಕೈ ಎತ್ತಿದ. ಒಂದೇ ಕೈ ಕಡಿಮೆ ಬಿತ್ತು. ನಾನು ಇದ್ದಿದ್ದರೆ ಸಮಸಮ ಆಗಿ ಚೀಟಿ ಎತ್ತಬೇಕಾಗುತ್ತಿತ್ತು. ಲಖನ ಅಧಿಕಾರ ಇದ್ದ ಕಡೆ ಹೋದವನು, ಅವನನ್ನು ಕೇಳುವವರು ಯಾರು? "ದಾಕ್ಷಾಯಿಣಿ ರೊಕ್ಕ ತಿಂದು ಮನ್ಯಾಗ ಕುಂತ್ಳು" ಎಂದು ಊರು ತೀರ್ಮಾನಿಸಿತು. ನಾನು ಇದ್ದದ್ದು ವಿರೋಧ ಪಕ್ಷದ ಈಶ್ವರನ ಮನೆಯಲ್ಲಿ ಎಂದು ಬಾಯಿಬಿಟ್ಟಿದ್ದರೆ ನಂಬುವುದು ಹಾಗಿರಲಿ, ಅದನ್ನೇ ಸಾಕ್ಷಿ ಮಾಡಿಕೊಳ್ಳುತ್ತಿದ್ದರು. ಹೆಣದ ಮುಂದೆ ಕೂತದ್ದನ್ನು ಬಜಾರಿನಲ್ಲಿ ಹೇಳಿಕೊಂಡು ತಿರುಗಲು ಮನಸ್ಸೂ ಬರಲಿಲ್ಲ.

ಮುಂದಿನ ಚುನಾವಣೆಗೆ ಪಕ್ಷ ಟಿಕೆಟ್ಟು ಕೊಡಲಿಲ್ಲ. ಪಕ್ಷೇತರಳಾಗಿ ನಿಂತೆ, ಠೇವಣಿಯೂ ಉಳಿಯಲಿಲ್ಲ. ಎಣಿಕೆ ಮುಗಿಸಿ ಬರುವಾಗ, ನಾನು ಗಟಾರ ಮಾಡಿಸಿಕೊಟ್ಟ ಓಣಿಯ ಹಣಮವ್ವ ಬಾಗಿಲಿನಲ್ಲಿ ನಿಂತಿದ್ದಳು. "ಅಕ್ಕಾ, ತಪ್ಪ ತಿಳ್ಕೋಬ್ಯಾಡ್ರಿ" ಅಂದಳು. ಏನೂ ತಿಳಿದುಕೊಳ್ಳುವ ಶಕ್ತಿ ಇರಲಿಲ್ಲ. ಮನೆಗೆ ಬಂದರೆ ನಿನ್ನಪ್ಪ ಗಿರಣಿ ನಡೆಸುತ್ತಲೇ ಇದ್ದ. ಹಿಟ್ಟು ಮೆತ್ತಿದ ಕೈಯಿಂದಲೇ ಚಹಾ ಕೊಟ್ಟ. ಈಗ ಬೆಳಿಗ್ಗೆ ಯಾರೂ ಬಾಗಿಲು ಬಡಿಯುವುದಿಲ್ಲ. ನೀರು ಬರಲಿಲ್ಲ, ದೀಪ ಹತ್ತಲಿಲ್ಲ ಎನ್ನುವವರಿಲ್ಲ. ಆದರೂ ನಸುಕಿಗೇ ಎಚ್ಚರವಾಗುತ್ತದೆ. ಎದ್ದು ಕೂತು, ಏತಕ್ಕೆ ಎದ್ದೆ ಎಂದು ಯೋಚಿಸುತ್ತೇನೆ.

ಇಷ್ಟೇ ಮಗಳೇ. ನಾನು ಒಂದು ಪೈಸೆ ಮುಟ್ಟಲಿಲ್ಲ. ಊರು ನಂಬದಿದ್ದರೂ ನಡೆಯುತ್ತದೆ. ನೀನು ನಂಬಿದರೆ ನಾಗರ ಪಂಚಮಿಯ ಉಂಡಿ ತಿನ್ನಲು ಬಾ.

ನಿನ್ನ ದಾರಿ ನೋಡುವ
ಅವ್ವ, ದಾಕ್ಷಾಯಿಣಿ

ತಾ. ಕ.: ಪತ್ರ ಮಡಚಿ ಇಟ್ಟಿದ್ದೆ. ಭಾಗ್ಯಾ ಬಂದವಳು ಒಂದು ಮಾತು ಹೇಳಿದಳು. ನನ್ನ ಪರವಾಗಿ ನೀನು ಅಣ್ಣಾಸಾಹೇಬರ ಕಾಲಿಗೆ ಬಿದ್ದು ಕ್ಷಮೆ ಕೇಳಿದೆಯಂತೆ, ಅವರು ತಲೆ ಮೇಲೆ ಕೈ ಇಟ್ಟು "ಇರಲಿ ಬಿಡವ್ವಾ" ಅಂದರಂತೆ. ಹಾಗಾದರೆ ಇದನ್ನೂ ಬರೆಯಲೇಬೇಕು. ಅವತ್ತು ನಾನು ಬಾಗೇವಾಡಿಗೆ ಹೋದದ್ದು ಅವರದೇ ಕಾರಿನಲ್ಲಿ. ಲಕ್ಕವ್ವ ಕೈ ಬಿಡುತ್ತಿಲ್ಲ, ಏನು ಮಾಡಲಿ ಎಂದು ಅಲ್ಲಿಂದ ಫೋನು ಮಾಡಿ ಕೇಳಿದ್ದೆ. "ಕುಂದರ್ರಿ ಅಕ್ಕಾರ, ಅವಸರ ಮಾಡಬ್ಯಾಡ್ರಿ. ನೀವ ಇರದಿದ್ರೂ ನಮ್ದ ಆಗತೈತಿ" ಅಂದವರು ಅವರೇ. ಸೋತ ಮೇಲೆ ಆ ಮಾತನ್ನು ನುಂಗಿಕೊಂಡರು. ನೀನು ಬಾಳುವ ಮನೆ ಎಂದು ನಾನೂ ನುಂಗಿಕೊಂಡೆ. ಇದನ್ನು ಅಲ್ಲಿ ಯಾರ ಮುಂದೆಯೂ ಆಡಬೇಡ. ಆದರೆ ಆ ಕಾಲಿಗೆ ಇನ್ನೊಮ್ಮೆ ಬೀಳಬೇಡ.