ಡ್ಯಾಶ್‌ಬೋರ್ಡಿನ ಹಳದಿ ಕಾರ್ಡು

ಮಾರ್ಚ್ ೧೫, ಶನಿವಾರ

ಪ್ರೀತಿಯ ತಮ್ಮನಿಗೆ,

ಫೆಬ್ರುವರಿ ಇಪ್ಪತ್ನಾಲ್ಕನೆಯ ತಾರೀಕು, ಸೋಮವಾರ ಬೆಳಿಗ್ಗೆ, ನಿನ್ನ ಡ್ರೈವಿಂಗ್ ಶಾಲೆಯ ನೋಟಿಸ್ ಬೋರ್ಡಿನಲ್ಲಿ ನೀನು ನಿನ್ನ ಭಾವನನ್ನು ಮರೆಗುಳಿ ಎಂದು ಬರೆದು ಅಂಟಿಸಿದೆ. ನಿನ್ನ ಮಾತು ಅಷ್ಟು ನೇರವಾಗಿರಲಿಲ್ಲ, ಒಪ್ಪುತ್ತೇನೆ. "ಹಿರಿಯ ಶಿಕ್ಷಕರು ವಯೋಸಹಜ ಮರೆವಿನಿಂದ ಹ್ಯಾಂಡ್‌ಬ್ರೇಕ್ ಎಳೆಯದೆ ಇಳಿದದ್ದೇ ಅಪಘಾತಕ್ಕೆ ಕಾರಣ" ಎಂದು ಬರೆದಿದ್ದೆ. ಹತ್ತೊಂಬತ್ತು ವರ್ಷ ನಿನ್ನ ಶಾಲೆಯಲ್ಲಿ ಕಲಿಸಿದ ಮನುಷ್ಯನಿಗೆ ಅದನ್ನು ಮೊದಲು ಓದಿ ಹೇಳಿದ್ದು ಕಸ ಗುಡಿಸುವಾಕೆ.

ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಾಲ್ಕು ಸಲ ಫೋನ್ ಮಾಡಿದೆ. ಮೂರು ಸಲ ನಿನ್ನ ಹೆಂಡತಿ ಎತ್ತಿ "ಅವರು ಸ್ನಾನಕ್ಕೆ ಹೋಗಿದ್ದಾರೆ ಅತ್ತಿಗೆ" ಎಂದಳು. ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ, ಮತ್ತೆ ಮಾರನೆಯ ದಿನ ಹನ್ನೊಂದಕ್ಕೆ. ಇಷ್ಟು ಶುಚಿಯಾದ ತಮ್ಮ ನನಗಿದ್ದಾನೆ ಎಂದು ಗೊತ್ತಿರಲಿಲ್ಲ. ಅದಕ್ಕೇ ಕಾಗದ. ಫೋನಿನಲ್ಲಿ ಆಡಿದ್ದನ್ನು ನಾಳೆ ಆಡಿಲ್ಲ ಅನ್ನಬಹುದು. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳಿಗೆ ಕಾಗದದ ಮೇಲೇ ನಂಬಿಕೆ.

ನಿಮ್ಮ ಭಾವನ ಸಮಾಚಾರ ಹೇಳುತ್ತೇನೆ. ಊಟ ಮಾಡುತ್ತಾರೆ, ಪೇಪರ್ ಓದುತ್ತಾರೆ, ಮಾತಿಲ್ಲ. ಬೆಳಿಗ್ಗೆ ಏಳೂವರೆಗೆ ಬೂಟು ಹಾಕಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುತ್ತಾರೆ. ಒಂಬತ್ತಕ್ಕೆ ಬಿಚ್ಚಿಡುತ್ತಾರೆ. ಈ ಇಪ್ಪತ್ತರ ಗುರುವಾರ ಸಾರಿಗೆ ಕಚೇರಿಯಲ್ಲಿ ವಿಚಾರಣೆ. ನಿನ್ನ ಆ ಹಾಳೆಯೇ ಅಲ್ಲಿ ಸಾಕ್ಷಿಯಾಗಿ ನಿಂತರೆ ಅವರ ಕಲಿಸುವ ಲೈಸೆನ್ಸು ಹೋಗುತ್ತದೆ. ಹೋದರೆ ಹೋಗಲಿ, ವಯಸ್ಸಾಯಿತು ಎಂದು ನೀನು ಅಂದುಕೊಂಡಿರಬಹುದು. ಆದರೆ ಮರೆವಿನವನು ಎಂಬ ಮುದ್ರೆ ಒತ್ತಿಸಿಕೊಂಡು ಹೋಗುವುದು ಬೇರೆ. ಮೊನ್ನೆ ಪಕ್ಕದ ಮನೆಯಾಕೆ ನನ್ನನ್ನು ಕೇಳಿದಳು, "ಗ್ಯಾಸ್ ಎಲ್ಲ ನೀವೇ ಆಫ್ ಮಾಡ್ತೀರಾ ತಾನೆ?" ಅವರು ಒಳಗೇ ಇದ್ದರು. ಕೇಳಿಸಿತು.

ಅವರ ಮರೆವಿನ ಕಥೆಯನ್ನು ನನ್ನಷ್ಟು ಬಲ್ಲವರು ಯಾರು? ನನ್ನ ಹುಟ್ಟಿದ ದಿನ ಮರೆಯುತ್ತಾರೆ, ಕೊಡೆ ಮರೆಯುತ್ತಾರೆ, ಒಮ್ಮೆ ನನ್ನನ್ನೇ ದಂತವೈದ್ಯರ ಬಳಿ ಬಿಟ್ಟು ಬಂದಿದ್ದರು. ಹ್ಯಾಂಡ್‌ಬ್ರೇಕ್ ಮಾತ್ರ ಮರೆತವರಲ್ಲ. ಲಾರಿ ಓಡಿಸುತ್ತಿದ್ದ ಕಾಲದಿಂದ ಬಂದ ಕೈ ಅದು. ಮೊದಲು ಕಾಲಿನ ಬ್ರೇಕು, ಆಮೇಲೆ ಹ್ಯಾಂಡ್‌ಬ್ರೇಕು, ಕಾಲು ತೆಗೆದು ಗಾಡಿ ಕದಲದೆ ನಿಂತಿದೆಯೇ ನೋಡಬೇಕು, ಕೊನೆಗೆ ಗೇರು. ಆಟೊಮ್ಯಾಟಿಕ್ ಕಾರು ಬಂದಾಗಲೂ ಈ ಕ್ರಮ ಬದಲಾಗಲಿಲ್ಲ, ಕೊನೆಯ ಗೇರಿನ ಜಾಗಕ್ಕೆ ಪಾರ್ಕಿಂಗಿನ P ಬಂತು ಅಷ್ಟೆ. ಮದುವೆಯಾದ ಹೊಸತರಲ್ಲಿ ನಿದ್ದೆಗಣ್ಣಿನಲ್ಲಿ ನನ್ನ ಮೊಣಕೈ ಹಿಡಿದು ಮೇಲಕ್ಕೆ ಎಳೆಯುತ್ತಿದ್ದರು. ಏನು ಎಂದರೆ "ಇಳಿಜಾರು ಕಣೇ" ಅನ್ನುತ್ತಿದ್ದರು.

ಹಾಗಾಗಿ ನನಗೆ ಅನುಮಾನ ಶುರುವಾಯಿತು. ಶುರುವಾದ ಮೇಲೆ ನಿಲ್ಲಲಿಲ್ಲ.

ನಡೆದದ್ದು ಇಷ್ಟು ಎನ್ನುತ್ತಾರೆ. ಇಪ್ಪತ್ತೊಂದರ ಶುಕ್ರವಾರ, ನೀರಿನ ಟ್ಯಾಂಕಿನ ಏರು. ಕಲಿಯಲು ಬಂದ ನರ್ಸ್ ಕಾರು ನಿಲ್ಲಿಸಿ P ಹಾಕಿದಳು. ಆಕೆ ಹಿಂದಿನಿಂದ ಸುತ್ತಿ ಪಕ್ಕದ ಸೀಟಿಗೆ, ಇವರು ಮುಂದಿನಿಂದ ಸುತ್ತಿ ಸ್ಟಿಯರಿಂಗಿಗೆ ಬರಬೇಕೆಂದು ಇಬ್ಬರೂ ಇಳಿದರು. ಕಾರು ಹಿಂದಕ್ಕೆ ಉರುಳಿತು. ಇವರು ಆಕೆಯನ್ನು ಪಕ್ಕಕ್ಕೆ ತಳ್ಳಿದರು. ಆಕೆ ಫುಟ್‌ಪಾತಿನ ಅಂಚಿಗೆ ಬಿದ್ದು ಕಾಲಿನ ಕೀಲು ಮುರಿಯಿತು. ಕಾರು ಹೋಗಿ ದರ್ಜಿಯ ಅಂಗಡಿ ಮೆಟ್ಟಿಲಿಗೆ ಬಡಿದು ನಿಂತಿತು.

ನಾನು ಆಸ್ಪತ್ರೆಗೆ ಹೋಗಿ ಆಕೆಯನ್ನು ನೋಡಿದೆ. ತಾನು ಕೆಲಸ ಮಾಡುವ ವಾರ್ಡಿನಲ್ಲೇ ಮಲಗಿದ್ದಳು. "ಸರ್ ತಳ್ಳದಿದ್ರೆ ನಾನು ಕೆಳಗಡೆ ಮಹಡೀಲಿ ಇರ್ತಿದ್ದೆ ಅಮ್ಮಾ" ಅಂದಳು. ಕೆಳಗಡೆ ಮಹಡಿಯಲ್ಲಿ ಏನಿದೆ ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ. ಶವಾಗಾರ. ಆಮೇಲೆ ಆಕೆ ತಾನಾಗಿ ಕೇಳಿದಳು, "ಸರ್ ಮುಂದಿನಿಂದ ಸುತ್ತಿ ಬರ್ಬೇಕಿತ್ತಲ್ವಾ? ಹಿಂದೆ ಯಾಕೆ ಹೋಗಿದ್ರು?" ಮನೆಗೆ ಬಂದು ಅದನ್ನೇ ನಿಮ್ಮ ಭಾವನನ್ನು ಕೇಳಿದೆ. "ಬಿಡೇ" ಎಂದು ಪೇಪರ್ ತಿರುವಿದರು. ಅವರ ಮೌನವೂ ನನಗೆ ಅನುಮಾನವೇ.

ಮಾರ್ಚ್ ಮೂರರಂದು ನಿನ್ನ ಶೆಡ್ಡಿಗೆ ಹೋಗಿದ್ದೆ. ಅವರ ಬೆನ್ನಿನ ದಿಂಬು, ಕನ್ನಡಕದ ಡಬ್ಬಿ ಕಾರಿನಲ್ಲೇ ಉಳಿದಿದ್ದವು. ನಿನ್ನ ಗುಮಾಸ್ತ, ನಿಮ್ಮ ಭಾವ 'ಹಾಜರಿ' ಎಂದು ಹೆಸರಿಟ್ಟವನು, ಬೀಗದ ಕೈ ಕುಣಿಸುತ್ತ ಜೊತೆಗೇ ಬಂದ. ಬಾಗಿಲು ತೆರೆದು ನಾನಿನ್ನೂ ತಲೆ ಒಳಗಿಟ್ಟಿಲ್ಲ, "ಇಲ್ಲಿ ಏನೂ ಇರಲಿಲ್ಲ ಅಮ್ಮಾ" ಎಂದ.

"ಎಲ್ಲಿ?" ಎಂದೆ.

"ಅದೇ... ರೇಡಿಯೋ ಕೆಳಗೆ."

ನಾನು ಕೇಳಿಯೇ ಇರಲಿಲ್ಲ, ತಮ್ಮಾ.

ರೇಡಿಯೋ ಕೆಳಗೆ ಕೈಯಗಲದ ಒಂದು ಆಯತ, ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಕಪ್ಪಗೆ, ನಾಲ್ಕು ಮೂಲೆಯಲ್ಲಿ ಗೋಂದಿನ ಗುರುತು. ಅಲ್ಲಿ ಏನಿತ್ತೆಂದು ನನಗೆ ಗೊತ್ತು, ನಿನಗೂ ಗೊತ್ತು. ಹಳದಿ ಕಾರ್ಡು. "ಹ್ಯಾಂಡ್‌ಬ್ರೇಕ್ ಬಳಸಬೇಡಿ. P ಸಾಕು." ಎರಡು ವರ್ಷದ ಹಿಂದೆ ನಿನ್ನ ಮೂರೂ ಆಟೊಮ್ಯಾಟಿಕ್ ಕಾರುಗಳಿಗೆ ನೀನೇ ಅಂಟಿಸಿದ್ದು. "ಎರಡೇ ಪೆಡಲ್, ಹತ್ತೇ ದಿನ" ಎಂದು ಊರೆಲ್ಲ ಬೋರ್ಡು ಹಾಕಿದವನಿಗೆ ಕೈಯಲ್ಲಿ ಎಳೆಯುವ ಮೂರನೆಯ ವಸ್ತು ಅಡ್ಡ ಬಂತು. ಕಲಿಯುವವರು ಅದನ್ನು ಇಳಿಸಲು ಮರೆತು ಹೊಗೆ ಎಬ್ಬಿಸಿಕೊಂಡು ಓಡಿಸುತ್ತಿದ್ದರು, ನಿಜ. ಇಳಿಸುವುದನ್ನು ಕಲಿಸುವ ಬದಲು ಎಳೆಯುವುದನ್ನೇ ನಿಲ್ಲಿಸಿದೆ.

ಉಳಿದೆರಡು ಕಾರುಗಳನ್ನೂ ಇಣುಕಿ ನೋಡಿದೆ. ಅಲ್ಲಿ ಹಳದಿ ಕಾರ್ಡಿನ ಜಾಗದಲ್ಲಿ ಬಿಳಿ ಕಾರ್ಡು. "ಹ್ಯಾಂಡ್‌ಬ್ರೇಕ್ ಕಡ್ಡಾಯ." ಕೆಳಗೆ ಕಳೆದ ವರ್ಷದ ಜನವರಿಯ ತಾರೀಕು. ಅದರ ಕೆಳಗೆ ಶಾಲೆಯ ಫೋನ್ ನಂಬರು. ಆ ನಂಬರು ನಿನಗೆ ಬಂದದ್ದು ಕಳೆದ ನವೆಂಬರಿನಲ್ಲಿ. ಹೊಸ ನಂಬರು ಎಂದು ನೀನೇ ನನಗೆ ಬರೆಸಿದ್ದೆ, ನನ್ನ ಪುಸ್ತಕದಲ್ಲಿ ಈಗಲೂ ಇದೆ. ಹತ್ತು ತಿಂಗಳ ನಂತರ ಹುಟ್ಟುವ ನಂಬರನ್ನು ಮೊದಲೇ ಅಚ್ಚು ಹಾಕಿಸಿದ್ದೀಯ. ನನ್ನ ಕಣ್ಣಿಗೆ ಮಣ್ಣೆರಚುವ ಮುಂಚೆ ಇನ್ನೊಮ್ಮೆ ಓದಿ ನೋಡಬಾರದಿತ್ತೇ?

ಕಾರಿನ ಜೊತೆ ಬಂದ ಕೈಪಿಡಿಯನ್ನೂ ಅಲ್ಲೇ ತೆರೆದು ಓದಿದೆ. ಯಾರೂ ಮುಟ್ಟಿರಲಿಲ್ಲ, ಹಾಳೆಗಳು ಅಂಟಿಕೊಂಡಿದ್ದವು. ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಿರಿ, P ಒಂದನ್ನೇ ನಂಬಬೇಡಿ ಎಂದು ದಪ್ಪ ಅಕ್ಷರದಲ್ಲಿದೆ. P ಎಂದರೆ ಗೇರಿನೊಳಗೆ ಬೆರಳಿನಷ್ಟು ದಪ್ಪದ ಒಂದು ಹಲ್ಲು. ಏರಿನಲ್ಲಿ ಇಡೀ ಕಾರಿನ ಭಾರ ಅದರ ಮೇಲೆ. ವಿಚಾರಣೆಯ ಪತ್ರದ ಜೊತೆ ನಮಗೆ ಬಂದ ತನಿಖೆಯ ವರದಿಯಲ್ಲಿ ಆ ಹಲ್ಲು "ಬಹುಕಾಲದ ಸವೆತದಿಂದ ಮುರಿದಿದೆ" ಎಂಬ ಸಾಲಿದೆ. ವರದಿ ಬಂದ ಮೇಲೂ ನಿನ್ನ ನೋಟಿಸಿನಲ್ಲಿ ಆ ಸಾಲು ಯಾಕೆ ಸೇರಲಿಲ್ಲ? ದಿನಕ್ಕೆ ಮೂವತ್ತು ಸಲ ಅದರ ಮೇಲೆ ಭಾರ ಬಿಡಿಸಿದ್ದು ಯಾರ ಮರೆವು?

ಇನ್ನೊಂದು. ಅಪಘಾತವಾದ ಕಾರಿನ ಡಿಕ್ಕಿಯಲ್ಲಿ ಒಂದು ಮರದ ಬೆಣೆ ಸಿಕ್ಕಿತು, ಹಳೆಯ ಸ್ವೆಟರಿನ ತುಂಡಿನಲ್ಲಿ ಸುತ್ತಿದ್ದು. ಚಕ್ರಕ್ಕೆ ಒತ್ತು ಕೊಡುವಂಥದ್ದು. ಹ್ಯಾಂಡ್‌ಬ್ರೇಕ್ ಸುಸ್ಥಿತಿಯಲ್ಲಿತ್ತು, ಆದರೆ ಎಳೆದಿರಲಿಲ್ಲ ಎಂದು ವರದಿ ಹೇಳುತ್ತದೆ. ಸುಸ್ಥಿತಿಯಲ್ಲಿದ್ದರೆ ಬೆಣೆ ಯಾಕೆ ಬೇಕಿತ್ತು? ಯಾರು ಇಟ್ಟರು? "ನಂಗೇನೂ ಗೊತ್ತಿಲ್ಲಮ್ಮಾ, ದೇವ್ರಾಣೆ" ಎಂದ ಹಾಜರಿ. ಕ್ರೇನಿನ ಜೊತೆ ಎಲ್ಲರಿಗಿಂತ ಮೊದಲು ಕಾರಿನ ಬಳಿ ಬಂದವನು ಅವನೇ. ನಿಮ್ಮ ಭಾವ ಎಳೆದಿದ್ದ ಹ್ಯಾಂಡ್‌ಬ್ರೇಕನ್ನು ಅವನು ಇಳಿಸಿದನೇ? ಇಳಿಸೆಂದು ಹೇಳಿದವರು ಯಾರು? ಇದು ನನ್ನ ದೊಡ್ಡ ಅನುಮಾನ. ಬೆಣೆಯನ್ನು ದಿಂಬಿನ ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ.

ಜನವರಿಯಲ್ಲಿ ನೀನು ಊಟಕ್ಕೆ ಬಂದ ಭಾನುವಾರ ನೆನಪಿದೆಯೇ? ತಟ್ಟೆಯಲ್ಲಿ ಕೈ ಒಣಗುವವರೆಗೆ ಇದೇ ಜಗಳ.

"ಭಾವ, ಇದು ನಿಮ್ಮ ಲಾರಿ ಅಲ್ಲ. P ಹಾಕಿದ್ರೆ ಮುಗೀತು. ಮೂರು ತಿಂಗಳಿಂದ ಕಾರ್ಡ್ ಕಣ್ಣ ಮುಂದೇನೇ ಇದ್ರೂ ನೀವು ಎಳೀತೀರಿ ಅಂತ ಬೇರೆ ಮೇಷ್ಟ್ರುಗಳು ನನ್ನ ನೋಡಿ ನಗ್ತಾರೆ. ಭಾವಂಗೊಂದು ರೂಲು, ನಮಗೊಂದು ರೂಲಾ ಅಂತಾರೆ."

"ಅಷ್ಟು ಭಾರ ಒಂದು ಹಲ್ಲಿನ ಮೇಲೆ ಬಿಡಬಾರ್ದಯ್ಯಾ. ನಂಗೆ ಇರೋದೇ ಹನ್ನೊಂದು ಹಲ್ಲು, ಆದ್ರೂ ಎರಡೂ ಕಡೆ ಅಗೀತೀನಿ."

ನಿನ್ನ ಹೆಂಡತಿ ನಕ್ಕಳು, ನೀನು ನಗಲಿಲ್ಲ. ತಟ್ಟೆ ಸರಿಸಿ ಎದ್ದೆ. ನಾನು ಇಬ್ಬರಿಗೂ ಏನೋ ಹೇಳಿ ಸಮಾಧಾನ ಮಾಡಿದೆ. ಮೂರು ತಿಂಗಳಲ್ಲ, ಎರಡು ವರ್ಷ ಎಂದು ನಿನ್ನ ಲೆಕ್ಕ ತಿದ್ದಬೇಕು ಅನ್ನಿಸಿತ್ತು, ಬಿಟ್ಟೆ.

ನೀನು ಒಂಬತ್ತು ವರ್ಷದವನಿದ್ದಾಗ ಅಪ್ಪನ ಸೈಕಲ್ಲನ್ನು ಸ್ಟ್ಯಾಂಡ್ ಹಾಕದೆ ಗೋಡೆಗೆ ಆನಿಸಿ ಹೋದದ್ದು, ಅದು ಬಿದ್ದು ಮನೆಗೆಲಸದಾಕೆಯ ಮಗುವಿನ ಹಣೆ ಒಡೆದದ್ದು ನಿನಗೆ ಮರೆತಿರಬಹುದು. ಸ್ಟ್ಯಾಂಡ್ ಹಾಕಿದ್ದೆ, ಆ ಮಗುವೇ ಎಳೆದುಕೊಂಡಿತು ಎಂದೆ. "ಅಕ್ಕಾ, ನೀನೇ ನೋಡ್ದೆ ಅಲ್ವಾ?" ಎಂದು ನನ್ನ ಕಡೆ ತಿರುಗಿದೆ. ನಾನು ಹೌದೆಂದು ತಲೆಯಾಡಿಸಿದೆ. ಅಪ್ಪ ಆಕೆಯನ್ನು ಕೆಲಸದಿಂದ ಬಿಡಿಸಿದರು. ಐವತ್ತೆರಡು ವರ್ಷವಾಯಿತು, ಆ ತಲೆಯಾಡಿಸಿದ್ದು ನನ್ನ ಕುತ್ತಿಗೆಯಲ್ಲಿ ಇನ್ನೂ ನೋಯುತ್ತದೆ. ಈ ಸಲ ಆಡಿಸುವುದಿಲ್ಲ.

ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ. ನಿನ್ನ ಹೆಂಡತಿಯ ಮಂಡಿನೋವಿಗೆ ಬಿಸಿನೀರಿನ ಶಾಖ ಕೊಡಲು ಹೇಳು. ನಿನಗೆ ಒಳ್ಳೆಯ ಬುದ್ಧಿಯೂ ಒಳ್ಳೆಯ ನಿದ್ದೆಯೂ ಬರಲಿ ಎಂದು ಹರಸುತ್ತೇನೆ.

ನಿನ್ನ ಅಕ್ಕ

ತಾ.ಕ. ಭಾನುವಾರ ಬೆಳಿಗ್ಗೆ.

ಲಕೋಟೆ ಅಂಟಿಸುವ ಮುಂಚೆ ಇದನ್ನು ನಿಮ್ಮ ಭಾವನಿಗೆ ಓದಿ ಹೇಳಿದೆ. ಹಾಜರಿಯ ಮೇಲಿನ ಅನುಮಾನದವರೆಗೆ ಸುಮ್ಮನೆ ಕೇಳಿದರು. ಆಮೇಲೆ "ಅದನ್ನ ತೆಗಿ" ಎಂದರು. "ಆ ಪಾಪದವನು ಏನೂ ಮಾಡಿಲ್ಲ. ನಾನೇ ಎಳೆದಿರಲಿಲ್ಲ."

ಮರೆತಿರಾ ಎಂದು ಕೇಳಿದೆ. ಅವರು ನನ್ನನ್ನು ನೋಡಿದ ರೀತಿ ಬರೆಯಲು ಆಗುವುದಿಲ್ಲ.

"ಎಲ್ಲಾ ನೆನಪಿರುತ್ತೆ ನಿಂಗೆ. ಇದೊಂದು ನೆನಪಿಲ್ವಾ? ಅವತ್ತು ಅವನು ಎದ್ದು ಹೋದ್ಮೇಲೆ ಟೇಬಲ್ ಒರೆಸ್ತಾ ಏನಂದೆ?"

ಅವರು ಹೇಳಿದ ಮೇಲೆ ನೆನಪಾಯಿತು. "ಅವನ ಕಾರು, ಅವನ ರೂಲು. ಒಬ್ಬನೇ ತಮ್ಮ ನಂಗೆ. ಇನ್ಮೇಲೆ ಎಳೀಬೇಡಿ, ನನಗೋಸ್ಕರ" ಎಂದಿದ್ದೆ. ಒರೆಸುವ ಬಟ್ಟೆಯ ಬಣ್ಣ ಕೂಡ ನೆನಪಾಯಿತು.

ಮಾರನೆಯ ದಿನದಿಂದ ಅವರು ಎಳೆಯಲಿಲ್ಲ. ಐದು ವಾರ. ಧೈರ್ಯ ಸಾಲದೆ ನಮ್ಮ ಮುರಿದ ಸ್ಟೂಲಿನ ಕಾಲು ಕುಯ್ದು ಬೆಣೆ ಮಾಡಿಕೊಂಡರು, ಸದ್ದಾಗದಿರಲೆಂದು ನನ್ನ ಹಳೆಯ ಸ್ವೆಟರಿನ ತೋಳಿನಲ್ಲಿ ಸುತ್ತಿದರು. ಸ್ವೆಟರನ್ನು ನಾನು ಗುರುತಿಸಲೂ ಇಲ್ಲ. ಏರಿನಲ್ಲಿ ನಿಲ್ಲಿಸಿದಾಗೆಲ್ಲ ತಾವೇ ಮೊದಲು ಇಳಿದು ಹಿಂದೆ ಹೋಗಿ ಚಕ್ರಕ್ಕೆ ಇಡುತ್ತಿದ್ದರು. ಆ ಶುಕ್ರವಾರ ಡಿಕ್ಕಿಯ ಹಿಡಿಗೆ ಕೈ ಹಾಕಿದ್ದರಷ್ಟೆ. ಇದನ್ನು ಯಾರಿಗೂ ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ರೆ ನಿನ್ನ ಹೆಸರು ಹೇಳ್ಬೇಕಿತ್ತಲ್ಲ" ಎಂದರು.

ಹಾಜರಿಯ ಮೇಲಿನ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ, ಅವನಿಗೆ ಓದಿ ಹೇಳು. ಆದರೆ ಹೊಡೆದು ಹಾಕುವುದಿಲ್ಲ. ನಾನು ಏನೇನು ಅನುಮಾನಿಸಿದೆ ಎಂಬುದೂ ಕಾಗದದ ಮೇಲಿರಲಿ.

ಗುರುವಾರ ಹನ್ನೊಂದು ಗಂಟೆಗೆ ಸಾರಿಗೆ ಕಚೇರಿಯಲ್ಲಿ ನಾನು ಮೊದಲು ಎದ್ದು ನಿಲ್ಲುತ್ತೇನೆ. ಎಳೆಯಬೇಡಿ ಎಂದು ಮನೆಯಲ್ಲಿ ಹೇಳಿದವಳು ನಾನು, ಅವರದು ಮರೆವಲ್ಲ ಎಂದು ಹೇಳುತ್ತೇನೆ. ಬೆಣೆ ಮೇಜಿನ ಮೇಲಿರುತ್ತದೆ. ನರ್ಸ್ ಊರುಗೋಲಿನಲ್ಲಿ ಬರುತ್ತಾಳೆ, ನಿನ್ನ ಶಿಕ್ಷಕರೆಲ್ಲ ಇರುತ್ತಾರೆ. ಆಮೇಲೆ ನಿನ್ನ ಹೆಸರು ಕರೆಯುತ್ತಾರೆ. ನನ್ನ ಕಡೆ ತಿರುಗಬೇಡ. ಅವರೆಲ್ಲರಿಗೂ ಕೇಳುವ ಹಾಗೆ ಹೇಳು: ಆ ಹಳದಿ ಕಾರ್ಡು ಅಂಟಿಸಿದವರು ಯಾರು, ಕಿತ್ತವರು ಯಾರು?