ಮತ್ತೆ ಏಣಿ ಹತ್ತಿದೆ

ಮಾರ್ಚ್ ೯, ಭಾನುವಾರ ಬೆಳಗ್ಗೆ

ನನ್ನ ಮುದ್ದು ತಮ್ಮ ಕಡ್ಡಿಗೆ,

ಮೂರು ಕಾಗದಕ್ಕೆ ಒಂದೇ ಉತ್ತರ ಬರೆಯುತ್ತಿರುವ ಅಕ್ಕನನ್ನು ಮೊದಲು ಬೈದು ಮುಗಿಸು, ಆಮೇಲೆ ಓದು. ನೀವೆಲ್ಲ ಚೆನ್ನಾಗಿದ್ದೀರೆಂದು ನಿನ್ನ ಹೆಂಡತಿಯ ದುಂಡಗಿನ ಅಕ್ಷರದಲ್ಲಿ ಓದಿ ಜೀವಕ್ಕೆ ಹಾಯೆನಿಸಿತು. ಪಾಪುವಿಗೆ ಹಲ್ಲು ಬಂತಂತೆ! ಸೋದರತ್ತೆಯ ಬೆರಳು ಕಚ್ಚಲು ಕಾದಿರಲಿ.

ತಡವಾದದ್ದಕ್ಕೆ ಕಾರಣ ಸೋಮಾರಿತನವಲ್ಲ. ಒಂದು ಸುದ್ದಿ ಕೈಗೆ ಸಿಗುವ ತನಕ ಬರೆಯುವುದಿಲ್ಲವೆಂದು ಹಟ ಹಿಡಿದಿದ್ದೆ. ಸಿಕ್ಕಿತು. ಬುಧವಾರ ನಾನು ಮತ್ತೆ ಕ್ರೇನ್ ಹತ್ತಿದೆ ಕಣೋ!

ನನ್ನನ್ನು ಇಳಿಸಿದ್ದರೆಂಬುದೇ ನಿನಗೆ ಗೊತ್ತಿಲ್ಲ. ಹದಿನಾರು ತಿಂಗಳ ಹಿಂದಿನ ಮಾತು. ಅಷ್ಟರಲ್ಲಾಗಲೇ ಏಣಿಯ ಪ್ರತಿ ಅಟ್ಟಣೆಯಲ್ಲೂ ಕೂತು ಸುಧಾರಿಸಿಕೊಂಡು, ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದೆ. ವರ್ಷದ ತಪಾಸಣೆಯಲ್ಲಿ ತಕ್ಕಡಿ ನೂರಾ ಹದಿನೆಂಟು ತೋರಿಸಿತು. ಮೇಸ್ತ್ರಿ ನನ್ನ ಮುಖ ನೋಡಲಾರದೆ ಹೆಲ್ಮೆಟ್ ತಿರುಗಿಸುತ್ತಾ ಹೇಳಿದ: "ಅಕ್ಕಾ, ಸೊಂಟದ ಬೆಲ್ಟು ತಡ್ಕೊಳ್ಳೋದು ನೂರು ಕೆಜಿ ಅಷ್ಟೇ. ನಿಮ್ಮನ್ನ ಮೇಲೆ ಕಳಿಸಿ ಏನಾದ್ರೂ ಆದ್ರೆ ನಾನು ಮುಖ ಎಲ್ಲಿಡ್ಲಿ?"

ಉಗ್ರಾಣದ ಬೀಗದ ಕೈ ಕೊಟ್ಟರು. ಇಪ್ಪತ್ತು ವರ್ಷ ಎರಡೆರಡು ಟನ್ ಉಕ್ಕನ್ನು ಹೂವಿನಂತೆ ಎತ್ತಿ ಇಳಿಸಿದ ಕೈ, ಕಿಟಕಿಯಿಲ್ಲದ ಕೋಣೆಯಲ್ಲಿ ಮೊಳೆ, ಬೋಲ್ಟು ವಿಂಗಡಿಸುತ್ತಾ ಕೂತಿತು.

ಮೊದಲು ಎಲ್ಲರೂ ಮಾಡುವ ಪೆದ್ದುತನವನ್ನೇ ಮಾಡಿದೆ. ಎರಡು ವಾರ ಬರೀ ಸೂಪು ಕುಡಿದೆ. ಹದಿನೈದನೇ ದಿನ ಉಗ್ರಾಣದಲ್ಲಿ ತಲೆ ಸುತ್ತಿ ಕುಸಿದೆ. ಮನೆಗೆ ಬಂದವಳು ಬಿಸ್ಕತ್ತಿನ ಡಬ್ಬ ಪೂರ್ತಿ ಖಾಲಿ ಮಾಡಿ, ಡಬ್ಬವನ್ನು ತಬ್ಬಿಕೊಂಡೇ ಅತ್ತೆ.

ನನ್ನನ್ನು ದಾರಿಗೆ ತಂದವಳು ಕೆಲಸದ ಜಾಗದ ನರ್ಸಮ್ಮ. ಗಂಟುಮೋರೆಯವಳು. "ಏನು ತಿನ್ಬಾರ್ದು ಅಂತ ಕೇಳ್ಬೇಡಿ. ಒಂದು ವಾರ ಎಲ್ಲೆಲ್ಲಿ, ಹೇಗೆ ತಿಂದ್ರಿ ಅಂತ ಬರ್ಕೊಂಡು ಬನ್ನಿ" ಎಂದಳು. ಬರೆದೆ. ಫ್ರಿಜ್ಜಿನ ಮುಂದೆ ನಿಂತು. ಬಸ್ಸಿನಲ್ಲಿ. ಮಗಳ ತಟ್ಟೆಯಲ್ಲಿ ಉಳಿದಿದ್ದನ್ನು ಸಿಂಕಿನ ಹತ್ತಿರ. ಏಳು ದಿನದಲ್ಲಿ ಮೇಜಿನ ಮುಂದೆ ಕೂತು ತಿಂದದ್ದು ಎರಡೇ ಸಲ! ಕ್ರೇನಿನಲ್ಲೂ ಹಾಗೆಯೇ ಇತ್ತಲ್ಲ, ಒಂದು ಕೈ ಸನ್ನೆಕೋಲಿನ ಮೇಲೆ, ಇನ್ನೊಂದು ಕೈ ಕುರುಕಲಿನ ಪೊಟ್ಟಣದೊಳಗೆ.

"ಸಾಯೋವರೆಗೂ ಮಾಡೋಕಾಗೋದನ್ನ ಮಾತ್ರ ಬದಲಾಯಿಸಿ. ತಿಂಗಳಿಗೆ ಒಂದೇ ಒಂದು" ಎಂದಳು.

ಹಾಗೇ ಮಾಡಿದೆ. ಮೊದಲ ತಿಂಗಳು ಕೂತು ತಿನ್ನುವುದು ಮಾತ್ರ. ಆಮೇಲೆ ಸಿಹಿ ಸೋಡಾದ ಬಾಟಲಿ ಬಿಟ್ಟೆ. ಚಹಾದ ಸಕ್ಕರೆ ಅರ್ಧವಾಯಿತು, ಕಾಲಾಯಿತು. ಬೆಳಗ್ಗೆ ಮೊಟ್ಟೆ, ಬ್ರೆಡ್ಡು ಹೊಟ್ಟೆಗೆ ಬಿದ್ದ ಮೇಲೆ ಹನ್ನೊಂದು ಗಂಟೆಯ ರಾಕ್ಷಸ ಹಸಿವು ತಾನಾಗಿ ಹೋಯಿತು. ತಟ್ಟೆಯಲ್ಲಿ ಮೊದಲು ತರಕಾರಿ, ಆಮೇಲೆ ಬೇಳೆ, ಉಳಿದ ಜಾಗದಲ್ಲಿ ಅನ್ನ. ನಿನ್ನ ಭಾವ, "ನಾನೇನು ಪಾಪ ಮಾಡಿದ್ದೆ ಮಾರಾಯ್ತಿ, ನಂಗ್ಯಾಕೆ ಈ ಹುರುಳಿಕಾಯಿ ಶಿಕ್ಷೆ?" ಎಂದು ಗೊಣಗಿದರು. ಈಗ ಅವರ ಪ್ಯಾಂಟು ಜಾರುತ್ತಿದೆ. ಬೆಲ್ಟಿಗೆ ತೂತು ಹೊಡೆಯಲು ನನ್ನ ಹತ್ತಿರವೇ ಬರುತ್ತಾರೆ.

ಎಲ್ಲವೂ ಸಲೀಸಾಗಿ ಸಾಗಿತೆಂದುಕೊಳ್ಳಬೇಡ. ಒಂಬತ್ತನೇ ತಿಂಗಳಿಂದ ಏಳು ವಾರ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ. ಅದೇ ಹೊತ್ತಿಗೆ ನಮ್ಮ ಜೊತೆ ಕೆಲಸ ಮಾಡುವ ಬೆಸುಗೆಯವನ ಮಗಳ ಹುಟ್ಟುಹಬ್ಬ. ಕೇಕು ತಿಂದೆ, ಒಂದು ತುಂಡು, ಕುರ್ಚಿ ಎಳೆದು ಕೂತು, ಚಮಚ ಚೀಪಿ. ಮೊದಲಾಗಿದ್ದರೆ 'ಹೇಗೂ ಕೆಟ್ಟೆ' ಎಂದು ಇನ್ನು ನಾಲ್ಕು ನುಂಗುತ್ತಿದ್ದೆ. ಮಾರನೆಯ ದಿನ ಎಂದಿನಂತೆ ಮೊಟ್ಟೆ, ಬ್ರೆಡ್ಡು. ಗೆದ್ದೆನೆಂದು ನನಗೆ ಗೊತ್ತಾದದ್ದು ಆ ದಿನ, ತಕ್ಕಡಿಯ ಮೇಲಲ್ಲ.

ಈಗ ತೊಂಬತ್ತನಾಲ್ಕು. ಸೊಂಪಾಗಿಯೇ ಇದ್ದೇನೆ, ನಿನ್ನ ಹಾಗೆ ಕಡ್ಡಿಯಾಗುವ ಆಸೆಯಿಲ್ಲ. ಬುಧವಾರ ಮೇಸ್ತ್ರಿ ತಾನೇ ಬೆಲ್ಟು ಬಿಗಿದು, ಎರಡು ಸಲ ಎಳೆದು ನೋಡಿ, "ಹೋಗ್ಬನ್ನಿ ಅಕ್ಕಾ" ಎಂದ. ಇನ್ನೂರ ನಲವತ್ತು ಮೆಟ್ಟಿಲು. ಮೂರನೇ ಅಟ್ಟಣೆಯಲ್ಲಿ ನಿಂತೆ, ಸುಸ್ತಿಗಲ್ಲ, ಗಾಳಿಗೆ ಮುಖವೊಡ್ಡಲು. ಮೇಲೆ, ಹಳೆಯ ಹೊಟ್ಟೆಗೆಂದು ಹಿಂದೆ ಸರಿಸಿದ್ದ ಕುರ್ಚಿ ಈಗ ನನಗೆ ದೂರವಾಯಿತು! ಮುಂದಕ್ಕೆ ಎಳೆದುಕೊಂಡೆ. ಮೊದಲ ಹೊರೆಯಾಗಿ ಗಾಜಿನ ಹಲಗೆಗಳನ್ನು ಎತ್ತಿ ಹನ್ನೆರಡನೇ ಮಹಡಿಯಲ್ಲಿ ಸದ್ದಾಗದಂತೆ ಇಳಿಸಿದೆ. ರೇಡಿಯೋದಲ್ಲಿ ಬೆಸುಗೆಯವನ ದನಿ: "ಏನ್ ಅಕ್ಕಾ ಇದು, ಬೆಕ್ಕಿನ ಮರಿ ಇಳಿಸಿದಂಗಿತ್ತು!" ಕೆಳಗೆ ಎಲ್ಲರೂ ಹೆಲ್ಮೆಟ್ ಬೀಸುತ್ತಿದ್ದರು. ನಾನು ಅಷ್ಟೆತ್ತರದಲ್ಲಿ ಒಬ್ಬಳೇ ಕೂತು ಹುಚ್ಚಿಯಂತೆ ನಕ್ಕೆ.

ಮಧ್ಯಾಹ್ನ ಇಂಜಿನ್ ಆರಿಸಿ, ಸನ್ನೆಕೋಲಿನಿಂದ ಎರಡೂ ಕೈ ತೆಗೆದು, ಡಬ್ಬಿ ಬಿಚ್ಚಿ ನಿಧಾನವಾಗಿ ಉಂಡೆ. ಊರೆಲ್ಲ ಕಾಣುತ್ತಿತ್ತು.

ನಿನ್ನ ಹೆಂಡತಿಗೆ ನನ್ನ ಪ್ರೀತಿ. ಪಾಪುವಿನ ಹಲ್ಲು ಗಟ್ಟಿಯಾಗಲಿ, ನಿನ್ನ ಮನೆ ತಣ್ಣಗಿರಲಿ.

ಇಂತಿ ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಎರಡು ವರ್ಷದಿಂದ ಬಾಯಿಗೆ ಬಾರದ್ದು. ನಿನ್ನ ಮನೆಯಲ್ಲಿ ಅಮ್ಮ ಕೊನೆಯುಸಿರೆಳೆದ ಆ ಸಂಜೆ, ಬಸ್ಸು ಕೆಟ್ಟು ತಡವಾಯಿತು ಎಂದೆನಲ್ಲ, ಸುಳ್ಳು. ಬಸ್ಸು ಸರಿಯಾಗೇ ಬಂತು. ನಿಮ್ಮ ಲಿಫ್ಟು ಕೆಟ್ಟಿತ್ತು. ಮೂರನೇ ಮಹಡಿಗೆ ಬರುವಷ್ಟರಲ್ಲಿ ಎದೆ ಒಡೆಯುವಂತಾಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಪ್ಪತ್ತು ನಿಮಿಷ. ಮೇಲೆ ನಿನ್ನ ಅಳು ಕೇಳಿಸಿದಾಗಲೂ ನಾನು ಅಲ್ಲೇ ಇದ್ದೆ. ಅಮ್ಮ ನನ್ನನ್ನು ಕೇಳಿದಳೇ ಎಂದು ನಾನು ಯಾವತ್ತೂ ವಿಚಾರಿಸಲಿಲ್ಲ, ನೀನೂ ಹೇಳಲಿಲ್ಲ. ಈಗ ಹೇಳು ಕಡ್ಡಿ. ಕೇಳುವಷ್ಟು ಉಸಿರು ನನ್ನಲ್ಲಿದೆ.